ಬೀರುವಿನೊಳಗಿನ ವೈಫೈ

ನಿವೃತ್ತ ತಹಶೀಲ್ದಾರ್ ನಿಜಗುಣಯ್ಯನವರ ಲ್ಯಾಪ್‌ಟಾಪಿಗೆ ಅವರದೇ ಮನೆಯ ವೈಫೈ ಕಾಣುತ್ತಿರಲಿಲ್ಲ. ಪಕ್ಕದ ಮನೆಯವರದು ಚೆನ್ನಾಗಿ ಕಾಣುತ್ತಿತ್ತು. ಅವರಿಗೆ ಉರಿ ಹತ್ತಿದ್ದು ಅದಕ್ಕೇ.

"ಅರ್ಧ ಗಂಟೆಯಲ್ಲಿ ಸರಿಯಾಗಬೇಕು. ಇಲ್ಲದಿದ್ದರೆ ನಿಮ್ಮ ಆಫೀಸಿಗೆ ಬರೆದು ನಿನ್ನ ಕೆಲಸ ತೆಗೆಸುತ್ತೇನೆ" ಎಂದರು, ರಿಪೇರಿಗೆ ಬಂದ ಜವರಯ್ಯನಿಗೆ.

ಜವರಯ್ಯ ವೈರಿನ ಜಾಡು ಹಿಡಿದು ಹೊರಟ. ಅದು ನಡುಮನೆ ದಾಟಿ, ಮಲಗುವ ಕೋಣೆಗೆ ಹೋಗಿ, ಕಬ್ಬಿಣದ ಬೀರುವಿನ ಬೆನ್ನಿಗೆ ಕೊರೆದ ತೂತಿನೊಳಗೆ ನುಗ್ಗಿತ್ತು. ವೈಫೈ ಪೆಟ್ಟಿಗೆ ಒಳಗೆ, ಬೀಗ ಹೊರಗೆ, ಬೀಗದಕೈ ಸಾಹೇಬರ ಉಡಿದಾರದಲ್ಲಿ.

"ಕಬ್ಬಿಣ ಅಡ್ಡ ಬಂದರೆ ಸಿಗ್ನಲ್ ದಾಟಲ್ಲ ಸಾರ್. ಪೆಟ್ಟಿಗೆ ಹೊರಗಿಡಿ."

"ಪಕ್ಕದವರು ಕದಿಯಲಿ ಅಂತಲೋ? ಅದು ಬೀರುವಿನಲ್ಲೇ ಇರುತ್ತೆ. ನನಗೆ ಬುದ್ಧಿ ಹೇಳಬೇಡ, ಹೇಳಿದ ಕೆಲಸ ಮಾಡು."

ಜವರಯ್ಯ ಬೀಗ ತೆಗೆಸಿದ. ಅಮ್ಮಾವರ ರೇಷ್ಮೆ ಸೀರೆಗಳನ್ನು ಪಕ್ಕಕ್ಕೆ ಸರಿಸಿ ಲ್ಯಾಪ್‌ಟಾಪನ್ನೂ ಒಳಗಿಟ್ಟ.

"ಈಗ ಕಾಣ್ತಾ ಇದೆ ಸಾರ್. ಸಹಿ ಹಾಕಿ."

"ಅಯೋಗ್ಯ, ನಾನೆಲ್ಲಿ ಕೂತು ನೋಡಲಿ?"

"ಒಳಗೇ ಸಾರ್. ಕೆಳಗಿನ ಹಲಗೆ ತೆಗೆದರೆ ಆರಾಮಾಗಿ ಕೂರಬಹುದು. ಬೀಗ ನಾನು ಹಾಕ್ತೀನಿ. ಪಕ್ಕದವರಿಗೆ ವಾಸನೆ ಕೂಡ ಹತ್ತಲ್ಲ."

ಮೂವತ್ತು ವರ್ಷ ತಾಲ್ಲೂಕನ್ನೇ ಗದರಿಸಿದ ಸಾಹೇಬರು ಬಗ್ಗಿ ಬೀರುವಿನೊಳಗೆ ಇಣುಕಿದರು.

ಅಷ್ಟರಲ್ಲಿ ಅಡುಗೆಮನೆಯಿಂದ ಅಮ್ಮಾವರ ದನಿ ಬಂತು. "ಏನಪ್ಪಾ, ಬೀಗ ಹಾಕೋ ಮುಂಚೆ ನನ್ನ ಸೀರೆ ಈಚೆ ತೆಗೆದಿಡು. ಬೀಗದಕೈ ನನ್ನ ಕೈಗೇ ಕೊಡು."