ಹಾಲಮ್ಮನ ಭರಣಿ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಗುರುಗಳ ಮಾತು ಆಮೇಲೆ ಬರುತ್ತದೆ. ಮೊದಲು ಉಗ್ರಾಣಕ್ಕೆ ಹೋಗೋಣ, ಕಥೆ ಇರುವುದು ಅಲ್ಲಿ.

ಉಗ್ರಾಣದ ಹೊಣೆ ಶಿಷ್ಯ ನೀಲಕಂಠನದು. ಹಪ್ಪಳ, ಅರಳು ಸಂಡಿಗೆ, ಬಾಳಕದ ಮೆಣಸಿನಕಾಯಿ, ಸಾಲು ಭರಣಿಗಳಲ್ಲಿ ಉಪ್ಪಿನಕಾಯಿ. ಎಲ್ಲವೂ ಭಕ್ತರು ಬೇಸಿಗೆಯಲ್ಲಿ ತಂದುಕೊಟ್ಟದ್ದು. ಯಾರ ಹಪ್ಪಳ ಮಳೆಗಾಲಕ್ಕೆ ಮೆತ್ತಗಾಗುತ್ತದೆ, ಯಾರ ಉಪ್ಪಿನಕಾಯಿಗೆ ಬೂಷ್ಟು ಬರುತ್ತದೆ ಎಂದು ಮುಚ್ಚಳ ತೆಗೆಯದೆ ಹೇಳುತ್ತಿದ್ದ. ಅಂಥ ಹುಷಾರಿ.

ಆಚೆ ದಡದಲ್ಲಿ ಹಾಲಮ್ಮ ಅಂತ ಒಬ್ಬ ಮುದುಕಿ. ಪ್ರತಿ ವರ್ಷ ಮಾವಿನಮಿಡಿ ಉಪ್ಪಿನಕಾಯಿಯ ಭರಣಿಯನ್ನು ಮಡಿಲಲ್ಲಿಟ್ಟುಕೊಂಡು ಹರಿಗೋಲಿನಲ್ಲಿ ಬರುತ್ತಿದ್ದಳು.

ಒಂದು ವರ್ಷ ಬಂದವಳು ಅಂದಳು, "ಜ್ವರ ಬಂದು ಹೋದಮೇಲೆ ನಾಲಿಗೆಗೆ ರುಚಿಯೇ ಹತ್ತೋದಿಲ್ಲ ತಮ್ಮಾ. ಬೆಲ್ಲವೂ ಒಂದೇ, ಬೇವೂ ಒಂದೇ. ಬರೀ ಕೈಯಳತೆ ಮೇಲೆ ಹಾಕಿದೀನಿ. ಉಪ್ಪು ಸರಿ ಇದೆಯಾ, ನೋಡಿ ಹೇಳು."

"ನಿಮ್ಮ ಕೈ ತಪ್ಪುತ್ತದಾ ಅವ್ವಾ?"

"ಸೊಸೇನ ಕೇಳಿದರೆ ಚೆನ್ನಾಗಿದೆ ಅಂತಾಳೆ. ಕಲ್ಲು ಬೇಯಿಸಿ ಬಡಿಸಿದರೂ ಹಾಗೇ ಅನ್ನೋಳು ಅವಳು. ನೀನು ಹೇಳು."

ನೀಲಕಂಠ ಭರಣಿಯನ್ನು ಒಳಗೆ ಒಯ್ದ. ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚದೆ, ಎಲ್ಲಕ್ಕಿಂತ ಹಿಂದಿನ ಸಾಲಿನಲ್ಲಿ ಇಟ್ಟ.

ಗುರುಗಳು ಬಾಗಿಲಲ್ಲಿ ನಿಂತಿದ್ದರು. "ಯಾಕಪ್ಪ ಅಷ್ಟು ಹಿಂದೆ?"

"ಇದು ಕೆಡೋದಿಲ್ಲ. ಬೇಗ ಕೆಡೋದನ್ನ ಮೊದಲು ಬಡಿಸಬೇಕಲ್ಲ ಗುರುಗಳೇ."

"ಅದಕ್ಕೇ ಕೇಳಿದೆ."

ಶಿಷ್ಯನಿಗೆ ಒಳಗೊಳಗೇ ನಗು ಬಂತು. ಪಾಪ, ವೇದಾಂತ ಬಲ್ಲವರು. ಉಪ್ಪಿನಕಾಯಿಯ ವಿಷಯ ಅವರಿಗೆ ಹೇಗೆ ಗೊತ್ತಾಗಬೇಕು?

ಮರುವರ್ಷ ಹಾಲಮ್ಮ ಇನ್ನೊಂದು ಭರಣಿಯೊಡನೆ ಬಂದಳು. ಇಳಿಯುವ ಮೊದಲೇ ಕೇಳಿದಳು, "ಹೋದ ಸಲದ್ದು ಹೇಗಿತ್ತು?"

"ಇನ್ನೂ ತೆಗೆದಿಲ್ಲ ಅವ್ವಾ. ಎಲ್ಲಿಗೆ ಹೋಗುತ್ತೆ, ಇರುತ್ತೆ ಬಿಡಿ."

ಮುದುಕಿ ಭರಣಿಯನ್ನು ಅವನ ಕೈಗಿಟ್ಟು ಹಾಗೇ ತಿರುಗಿದಳು. ಹರಿಗೋಲು ನಡುಹೊಳೆ ದಾಟಿದ ಮೇಲೆ ಅವಳ ಕೂಗು ಕೇಳಿಸಿತು.

"ಉಪ್ಪು ನೋಡಿ ಹೇಳು ತಮ್ಮಾ."

ನೀಲಕಂಠ ಆಯಿತೆಂದು ಕೈಯಾಡಿಸಿದ. ಆ ಭರಣಿಯೂ ಹಿಂದಿನ ಸಾಲಿಗೆ ಹೋಯಿತು.

ಅದರ ಮುಂದಿನ ಬೇಸಿಗೆಯಲ್ಲಿ ಅವಳು ಬರಲಿಲ್ಲ. ಗುರುಗಳು ಶಿಷ್ಯನನ್ನು ಆಚೆ ದಡಕ್ಕೆ ಕಳಿಸಿದರು.

ಬಾಗಿಲು ತೆಗೆದವಳು ಸೊಸೆ. "ಅತ್ತೆ ತೀರಿಕೊಂಡು ತಿಂಗಳಾಯ್ತು. ಈ ವರ್ಷ ಮಿಡಿ ತಂದಿಟ್ಟರೂ ಮುಟ್ಟಲಿಲ್ಲ. 'ಆಶ್ರಮದೋರು ಬಾಯಿಗೇ ಇಡಲಿಲ್ಲ. ನನ್ನ ಕೈ ಕೆಟ್ಟಿದೆ, ಹೇಳೋಕೆ ನೀಲಕಂಠನಿಗೆ ಸಂಕೋಚ' ಅಂದರು."

"ಹಾಗಲ್ಲ ಅಕ್ಕಾ. ಉಳಿದವರದು ಕೆಟ್ಟೀತು, ಅವರದು ಕೆಡೋದಿಲ್ಲ ಅಂತಲೇ ಹಿಂದೆ ಇಟ್ಟೆ. ಅವರ ಕೈ ಅಷ್ಟು ಚೆನ್ನ."

"ನನಗೆ ಹೇಳಿ ಏನು ಬಂತು?" ಅಂದಳು ಸೊಸೆ. "ನಾನು ಮೊದಲಿನಿಂದಲೂ ಚೆನ್ನಾಗಿದೆ ಅನ್ನೋಳೇ."

ತಿರುಗಿ ಬಂದಾಗ ಊಟದ ಹೊತ್ತು. ಗುರುಗಳು ಹೊಳೆ ಕಡೆಯ ಜಗಲಿಯಲ್ಲಿ ಎಲೆ ಹಾಕಿಸಿಕೊಂಡು ಕಾಯುತ್ತಿದ್ದರು. ನೀಲಕಂಠ ನಡೆದದ್ದನ್ನು ಹೇಳಿದ. ಅವರು ಉಗ್ರಾಣದ ಕಡೆ ಕಣ್ಣಲ್ಲೇ ತೋರಿಸಿದರು.

ಅವನು ಹಿಂದಿನ ಸಾಲಿನಿಂದ ಮೊದಲ ಭರಣಿಯನ್ನು ತಂದ. ಬಟ್ಟೆ ಬಿಚ್ಚಿದ. ಸಾಸಿವೆಯ ಘಾಟು ಜಗಲಿಯೆಲ್ಲ ಹರಡಿತು. ಗುರುಗಳಿಗೊಂದು ಮಿಡಿ ಬಡಿಸಿ, ತಾನೊಂದು ಕಚ್ಚಿದ. ಮೊನ್ನೆ ಹಾಕಿದ್ದರ ಹಾಗೆ ಕಟುಂ ಎಂದಿತು.

ಗುರುಗಳು ಹೊಳೆಯನ್ನು ನೋಡುತ್ತ ಕೇಳಿದರು, "ಉಪ್ಪು?"

"ಸರಿ ಇದೆ ಗುರುಗಳೇ." ದನಿ ಅವನಿಗೇ ಕೇಳಿಸುವಷ್ಟಿತ್ತು.

"ಜೋರಾಗಿ ಹೇಳಪ್ಪ. ಆಚೆ ದಡಕ್ಕೆ ಕೇಳಬೇಕು."