ಕುಂಬಾರ ಕೊಂಡ ಗಾಡಿ

"ಬುದ್ಧಿ, ಇನ್ನು ಏನನ್ನು ಬಿಟ್ಟರೆ ಈ ಸಿಟ್ಟು ಹೋಗುತ್ತದೆ?"

ಹೀಗೆ ಕೇಳಿದವನು ಸಿದ್ಧವೀರ. ಅವನು ಮಠಕ್ಕೆ ಬಂದು ಕೆಲವು ವರ್ಷಗಳಾಗಿದ್ದವು. ಅವನ ತಂದೆ ತೀರಿಕೊಂಡಾಗ ಅಣ್ಣ ಮಣ್ಣು ಮಾಡಿ ಮುಗಿಸಿದ ಮೇಲೆ ಹೇಳಿಕಳಿಸಿದ್ದ. ತಂದೆಯ ಮುಖವನ್ನು ಕೊನೆಗೊಮ್ಮೆ ನೋಡಲಾಗಲಿಲ್ಲ ಎಂಬ ಸಂಕಟ ಅಣ್ಣನ ಮೇಲಿನ ಸಿಟ್ಟಾಗಿ ಕೂತಿತ್ತು. ಅದನ್ನು ಕಳೆದುಕೊಳ್ಳಲೆಂದು ಸಿದ್ಧವೀರ ಮೊದಲು ಉಪ್ಪು ಬಿಟ್ಟ. ಆಮೇಲೆ ರಾತ್ರಿಯೂಟ ಬಿಟ್ಟ. ದಿಂಬು ಬಿಟ್ಟ, ಚಪ್ಪಲಿಯನ್ನೂ ಬಿಟ್ಟ. ಒಂದೊಂದನ್ನು ಬಿಟ್ಟಾಗಲೂ ಮಠಕ್ಕೆ ಬಂದ ಭಕ್ತರು ಅವನನ್ನು ಹೊಗಳಿದರು. ಆದರೆ ಅಣ್ಣನ ಹೆಸರು ಕಿವಿಗೆ ಬಿದ್ದರೆ ಈಗಲೂ ಅವನು ಎದ್ದು ಹೊರಗೆ ಹೋಗಿಬಿಡುತ್ತಿದ್ದ. ಅಣ್ಣ ಎರಡು ಸಲ ಮಠಕ್ಕೆ ಬಂದಾಗಲೂ ಸಿದ್ಧವೀರ ಮುಖ ತೋರಿಸದೆ ಅವನನ್ನು ಹಿಂದಕ್ಕೆ ಕಳಿಸಿದ್ದ.

ಗುರುಗಳು ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಗುಡ್ಡದ ಬುಡದ ಊರಿನಲ್ಲಿ ಒಬ್ಬ ಕುಂಬಾರನಿದ್ದ. ಸಂತೆ ಗುಡ್ಡದ ಮೇಲೆ ನಡೆಯುತ್ತಿತ್ತು. ಅವನು ಕತ್ತೆಗಳ ಮೇಲೆ ಮಡಕೆ ಹೇರಿಕೊಂಡು ಹತ್ತಿ ಹೋಗುತ್ತಿದ್ದ, ಮಾರಿಕೊಂಡು ಇಳಿದು ಬರುತ್ತಿದ್ದ. ಕತ್ತೆಗಳಿಗೆ ವಯಸ್ಸಾಯಿತು. ಅವನ ಮೊಣಕಾಲಿಗೂ ಆಯಿತು. ಒಂದು ಲಗೇಜ್ ಗಾಡಿ ಕೊಳ್ಳೋಣ ಎಂದು ಅವನು ನಿಶ್ಚಯಿಸಿದ. ಹೊಸದಕ್ಕೆ ಕೈ ಸಾಲದು, ಹಳೆಯದಾದರೂ ಸಾಕು ಎಂದುಕೊಂಡ.

ಈ ಕುಂಬಾರ ಚೌಕಾಸಿಯಲ್ಲಿ ಎತ್ತಿದ ಕೈ. ಬೀದಿಯಲ್ಲಿ ಯಾರು ಸೀರೆ ಕೊಳ್ಳಲಿ, ಪಾತ್ರೆ ಕೊಳ್ಳಲಿ, ಅವನನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ಅಂಗಡಿಯವರು ಅವನು ಬರುವುದು ಕಂಡರೆ ಬೆಲೆಯನ್ನು ಒಂದಿಷ್ಟು ಏರಿಸಿಯೇ ಹೇಳುತ್ತಿದ್ದರು. ಅದು ಅವನಿಗೆ ಮಾತ್ರ ಗೊತ್ತಿರಲಿಲ್ಲ.

ಗಂಡ ಹೆಂಡತಿ ಇಬ್ಬರೂ ಹಳೆಯ ಗಾಡಿಗಳ ವ್ಯಾಪಾರಿಯ ಬಳಿಗೆ ಹೋದರು. ಬಣ್ಣ ಬಳಿದ ಒಂದು ಗಾಡಿಯನ್ನು ಅವನು ತೋರಿಸಿದ. ಬೆಲೆ ಹೇಳಿದ. ಅದರ ಮೇಲೆ ಸಣ್ಣಪುಟ್ಟ ಖರ್ಚುಗಳಿವೆ ಎಂದು ಒಂದು ಚೀಟಿಯಲ್ಲಿ ಬರೆದು ಮುಂದಿಟ್ಟ. ಗಾಡಿ ತೊಳೆಸಿದ್ದು, ದಲ್ಲಾಳಿಯ ಕಮಿಷನ್, ಆಫೀಸು ಖರ್ಚು, ಆರು ತಿಂಗಳು ಗಾಡಿಯನ್ನು ನಿಲ್ಲಿಸಿಕೊಂಡ ಬಾಡಿಗೆ, ಹೆಸರು ಬದಲಾಯಿಸುವ ಖರ್ಚು.

ಚೀಟಿ ನೋಡಿ ಕುಂಬಾರನ ಮುಖ ಅರಳಿತು. ಅವನು ಚಕ್ಕಳಮಕ್ಕಳ ಹಾಕಿ ಕೂತ. ತೊಳೆದುಕೊಳ್ಳಲು ನಮ್ಮೂರಿನಲ್ಲಿ ಕೆರೆ ಇದೆ ಎಂದ. ವ್ಯಾಪಾರಿ ಒಂದಷ್ಟು ಗೊಣಗಿ ಅದನ್ನು ಹೊಡೆದುಹಾಕಿದ. ನಾನೇ ನಡೆದುಕೊಂಡು ಬಂದಿದ್ದೇನೆ, ನಡುವೆ ದಲ್ಲಾಳಿ ಎಲ್ಲಿದ್ದ ಎಂದ. ಅದೂ ಹೋಯಿತು. ಮೇಜು ನಿಮ್ಮದು, ಕುರ್ಚಿ ನಿಮ್ಮದು, ಆಫೀಸಿನ ಖರ್ಚು ನನಗೇಕೆ ಎಂದ. ವ್ಯಾಪಾರಿ ಹಣೆ ಚಚ್ಚಿಕೊಂಡ. ನಿಮ್ಮಂಥವರು ಇನ್ನಿಬ್ಬರು ಬಂದರೆ ಬಾಗಿಲು ಹಾಕಬೇಕು ಎಂದು ಗೋಳಾಡಿದ. ಕುಂಬಾರನಿಗೆ ಹೋಳಿಗೆ ಉಂಡಷ್ಟು ಸಂತೋಷವಾಯಿತು.

ಆಮೇಲೆ ಬಾಡಿಗೆಯ ಮಾತು ಬಂತು. ಗಾಡಿಯನ್ನು ಆರು ತಿಂಗಳು ನಿಲ್ಲಿಸಿಕೊಳ್ಳಿ ಎಂದು ನಾನು ಹೇಳಿದ್ದೆನೇ ಎಂದು ಕುಂಬಾರ ದಬಾಯಿಸಿದ. ವ್ಯಾಪಾರಿ ಅದನ್ನೂ ಬಿಟ್ಟುಕೊಟ್ಟ. ಇಷ್ಟು ಒಳ್ಳೆಯ ಗಾಡಿಯನ್ನು ಆರು ತಿಂಗಳಾದರೂ ಯಾರೂ ಯಾಕೆ ಒಯ್ಯಲಿಲ್ಲ ಎಂದು ಕುಂಬಾರ ಕೇಳಲಿಲ್ಲ. ಗೆಲ್ಲುತ್ತಿರುವವನಿಗೆ ಅಂಥ ಮಾತು ಹೊಳೆಯುವುದಿಲ್ಲ.

ಹೆಸರು ಬದಲಾಯಿಸುವ ಖರ್ಚಿನಲ್ಲಿ ಅರ್ಧ ಇಳಿದು, ಉಳಿದ ಅರ್ಧಕ್ಕೆ ಜಗ್ಗಾಟ ನಡೆದಿತ್ತು. ಆಗ ಹೆಂಡತಿ, ಒಂದು ಸಲ ಹೇರು ಹಾಕಿ ಗುಡ್ಡ ಹತ್ತಿಸಿ ನೋಡೋಣ, ಆಮೇಲೆ ದುಡ್ಡು ಕೊಡೋಣ ಎಂದಳು. ವ್ಯವಹಾರದ ನಡುವೆ ಬಾಯಿ ಹಾಕಬೇಡ ಎಂದು ಕುಂಬಾರ ಅವಳನ್ನು ಸುಮ್ಮನಾಗಿಸಿದ. ಅವಳ ಮಾತು ಕಿವಿಗೆ ಬಿದ್ದದ್ದೇ ತಡ, ವ್ಯಾಪಾರಿ ಉಳಿದ ಅರ್ಧವನ್ನೂ ತಾನಾಗಿಯೇ ಹೊಡೆದುಹಾಕಿದ.

ಕುಂಬಾರ ಗಾಡಿಯ ಬೆಲೆಯಲ್ಲಿ ಒಂದು ಬಿಡಿಗಾಸೂ ಇಳಿಸದೆ ಎಣಿಸಿ ಕೊಟ್ಟ. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಗಾಡಿಯನ್ನು ಊರಿಗೆ ತಂದ. ದಾರಿಯೆಲ್ಲ ಸಮತಟ್ಟು, ಗಾಡಿ ಖಾಲಿ. ಅದು ಚೆನ್ನಾಗಿಯೇ ಓಡಿತು. ಐದು ಖರ್ಚುಗಳನ್ನು ಹೇಗೆ ಹೊಡೆಸಿದೆ ಎಂದು ಅವನು ಬೀದಿಗೆಲ್ಲ ಹೇಳಿದ. ಆ ವಾರವೇ ಕತ್ತೆಗಳನ್ನು ಮಾರಿಬಿಟ್ಟ.

ದೀಪಾವಳಿ ಹತ್ತಿರ ಬಂತು. ಇಡೀ ಮನೆಯವರು ಮಳೆಗಾಲವೆಲ್ಲ ಕೂತು ತಟ್ಟಿದ ಮಡಕೆ, ಒತ್ತಿದ ಹಣತೆ, ಎಲ್ಲವನ್ನೂ ಹುಲ್ಲಿನ ನಡುವೆ ಜೋಡಿಸಿ ಗಾಡಿಗೆ ಹೇರಿದರು. ವರ್ಷದ ಅನ್ನ ಅದರಲ್ಲಿತ್ತು. ಗಾಡಿ ಅರ್ಧ ಗುಡ್ಡ ಹತ್ತಿತು. ಅಲ್ಲಿ ಇಂಜಿನ್ ಅರಚಿತು, ಹೊಗೆ ಬಂತು, ಗಾಡಿ ನಿಂತಿತು. ನಿಂತದ್ದು ಹೇರಿನ ಭಾರಕ್ಕೆ ಬ್ರೇಕೂ ಹಿಡಿಯದೆ ಹಿಂದಕ್ಕೆ ಜಾರಿತು. ಗಂಡ ಹೆಂಡತಿ ಹಾರಿಕೊಂಡು ಬದುಕಿದರು. ಗಾಡಿ ಚರಂಡಿಗೆ ಉರುಳಿತು.

ಹೆಂಡತಿ ರಸ್ತೆಯ ಬದಿಯಲ್ಲಿ ಕೂತು ಒಡೆಯದೆ ಉಳಿದ ಹಣತೆಗಳನ್ನು ಮಡಿಲಿಗೆ ಹಾಕಿಕೊಂಡಳು. ಮಡಿಲು ತುಂಬಲಿಲ್ಲ. ಗಂಡನಿಗೆ ಅವಳು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ರಿಪೇರಿಯವನು ಬಂದು ನೋಡಿದ. ಇಂಜಿನ್ ಸವೆದು ಬಹಳ ಕಾಲವಾಗಿದೆ, ಹೇರು ಹೊತ್ತು ಏರು ಹತ್ತುವ ಶಕ್ತಿ ಇದಕ್ಕೆ ಇಲ್ಲ ಎಂದ.

ಕುಂಬಾರ ನೇರ ವ್ಯಾಪಾರಿಯ ಬಳಿಗೆ ಹೋದ. ವ್ಯಾಪಾರಿ ಅವನನ್ನು ಕೂರಿಸಿ ಚಹಾ ತರಿಸಿದ.

"ನನಗೆ ಮೋಸ ಮಾಡಿಬಿಟ್ರಿ," ಎಂದ ಕುಂಬಾರ.

"ನೀವು ಕೇಳಿದ್ದರಲ್ಲಿ ನಾನು ಯಾವುದನ್ನ ಇಲ್ಲ ಅಂದೆ, ಯಜಮಾನ್ರೇ?" ಎಂದ ವ್ಯಾಪಾರಿ. "ಆ ಐದು ಖರ್ಚು ನಾನು ಬರೆಯೋದೇ ಹೊಡೆಸಿಕೊಳ್ಳೋಕೆ. ಗೆಲ್ಲೋಕೆ ಏನಾದ್ರೂ ಸಿಕ್ಕಿದ್ರೆ ಗಿರಾಕಿ ಖುಷಿಯಾಗಿ ಮನೆಗೆ ಹೋಗ್ತಾನೆ. ಏನೂ ಸಿಗದೆ ಹೋದ್ರೆ ಬಾನೆಟ್ ತೆಗೆಸಿ ಇಂಜಿನ್ ನೋಡ್ತಾನೆ."

ಕುಂಬಾರ ಚಹಾ ಕುಡಿಯದೆ ಎದ್ದು ಬಂದ. ಕತೆ ಅಷ್ಟೇ.

ವ್ಯಾಪಾರಿ ಪಾಪಿ, ಅದರಲ್ಲಿ ಸಂಶಯವಿಲ್ಲ, ಆದರೆ ಕುಂಬಾರನದೂ ತಪ್ಪೇ ಎಂದು ಸಿದ್ಧವೀರ ಹೇಳಿದ. ಆ ಸಣ್ಣ ಖರ್ಚುಗಳ ಗೊಡವೆ ಬಿಟ್ಟು ಅವನು ಮೊದಲು ಇಂಜಿನ್ ನೋಡಬೇಕಾಗಿತ್ತು, ಇಷ್ಟು ಸಾಮಾನ್ಯ ವಿಷಯ ಅವನಿಗೆ ಹೊಳೆಯದೆ ಹೋದದ್ದು ಹೇಗೆ ಎಂದು ಕೇಳಿದ.

ಗುರುಗಳು ಅವನ ಮುಖವನ್ನು ನೋಡಿದರು.

"ಉಪ್ಪು ಬಿಡು ಎಂದು ನಿನಗೆ ಹೇಳಿದ್ದು ನಾನಲ್ಲ, ಸಿದ್ಧವೀರ, ಆ ವ್ಯಾಪಾರಿ ಚೀಟಿ ಬರೆದ ಹಾಗೆ, ತನ್ನನ್ನು ನೀನು ಮುಟ್ಟದಿರಲಿ ಎಂದು ಆ ಸಿಟ್ಟೇ ಹೇಳಿದ್ದು."