ಮೆಲುಕು ನಿಂತ ಹಸು

“ಗುರುಗಳೇ, ನಾನಲ್ಲದ್ದನ್ನೆಲ್ಲ ನನ್ನೊಳಗಿಂದ ಹೊರಹಾಕಿದರೆ ನಾನು ಶುದ್ಧನಾಗುತ್ತೇನೆಯೇ?”

ಕೇಳಿದವನು ಸೋಮಲಿಂಗ, ಮಠದ ದಾಸೋಹದಲ್ಲಿ ಬಡಿಸುವ ಶಿಷ್ಯ. ಬಡಿಸಿ ಮುಗಿದ ಮೇಲೆ ಬಾಗಿಲಲ್ಲಿ ನಿಂತು, ಹಸಿದವರು ಇನ್ನೂ ಯಾರಾದರೂ ಇದ್ದೀರಾ ಎಂದು ಕೂಗಿಯೇ ಅವನು ಉಣ್ಣಬೇಕು. ಅದು ಆ ಮಠದ ಪದ್ಧತಿ. ಆದರೆ ಹೊಟ್ಟೆಯೇ ಕೊಳೆಯ ಮನೆಯೆಂದು ಯಾಕೋ ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಸೊಪ್ಪು, ಕಾಳು, ರಾಗಿ ಎಲ್ಲ ಬಿಟ್ಟ. ಬರೀ ಬಿಳಿ ಅನ್ನಕ್ಕೆ ಬೆಲ್ಲ ಕಲಸಿ ಉಂಡ. ಮೇಲಿಂದ ಮೇಲೆ ಹರಳೆಣ್ಣೆ ಕುಡಿದು ಹೊಟ್ಟೆ ತೊಳೆದುಕೊಂಡ. ಈಗ ಎದ್ದು ನಿಂತರೆ ಕಣ್ಣು ಕತ್ತಲಿಡುತ್ತಿತ್ತು. ಶುದ್ಧಿ ಇನ್ನೂ ಸಾಲದೆಂದು ಅವನು ತಿಳಿದಿದ್ದ. ಹುಡುಗ ಕೈತಪ್ಪಿ ಹೋಗುತ್ತಾನೆಂದು ಮಠದವರು ಹೆದರಿದ್ದರು.

ಗುರುಗಳು ಬುದ್ಧಿ ಹೇಳಲಿಲ್ಲ, ಕತೆ ಹೇಳಿದರು.

ಒಬ್ಬ ರೈತನ ಮನೆಗೆ ಗಬ್ಬದ ಹಸುವೊಂದು ಬಂತು. ಅದರ ಮೇಲೆ ಅವನಿಗೆ ಎಲ್ಲಿಲ್ಲದ ಪ್ರೀತಿ. ತನ್ನ ಹಸು ಎಲ್ಲರ ದನದಂತೆ ಒಣಹುಲ್ಲು ಅಗಿಯುವುದೇ ಎಂದು ದಿನವೂ ಅನ್ನ ಬೆಲ್ಲ ತಿನ್ನಿಸಿದ. ಪಾಪ, ಹಸುವಿನ ಹೊಟ್ಟೆ ಉಬ್ಬಿತು, ಮೆಲುಕು ನಿಂತಿತು. ಆಮೇಲೆ ಹುಲ್ಲು ಹಾಕಿದರೂ ಮೂಸಲಿಲ್ಲ. ಕಾಲು ಚಾಚಿ ಮಲಗಿಬಿಟ್ಟಿತು.

ಮೆಲುಕು ನಿಂತ ಹಸುವಿಗೆ ಆ ಊರಿನಲ್ಲಿ ಒಂದು ಉಪಾಯವಿತ್ತು. ಗಟ್ಟಿಮುಟ್ಟಾದ ಇನ್ನೊಂದು ಹಸುವಿನ ಬಾಯಿಗೆ ಕೈಹಾಕಿ, ಅದು ಮೆಲ್ಲುತ್ತಿರುವ ಉಂಡೆಯನ್ನು ತಂದು ಇದಕ್ಕೆ ನುಂಗಿಸುವುದು. ರೈತನ ಹೆಂಡತಿ ನೆರೆಮನೆಯ, ಮುದಿಯಾದರೂ ಗಟ್ಟಿಯಾಗಿದ್ದ ಹಸುವಿನ ಬಾಯಿಂದ ಅಂಥ ಉಂಡೆ ತಂದಳು. ರೈತ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತ. ಬೇಲಿಯ ಹುಲ್ಲು ಮೇಯುವ ದನದ ಎಂಜಲು ತನ್ನ ಹಸುವಿಗೆ ಬೇಡವೆಂದ.

“ಎಂಜಲು ಅಂತ ಕೂತರೆ ಹಸುವೂ ಹೋಗುತ್ತೆ, ಹೊಟ್ಟೆಯಲ್ಲಿರೋ ಕರುವೂ ಹೋಗುತ್ತೆ. ದಾರಿ ಬಿಡಿ,” ಎಂದಳು ಅವಳು.

ಅವನು ಕಣ್ಣೊರೆಸಿಕೊಂಡು ಸರಿದು ನಿಂತ.

ಮತ್ತೆ ಮತ್ತೆ ನುಂಗಿಸಿದರು. ಒಂದು ಬೆಳಿಗ್ಗೆ ಹಸುವಿನ ದವಡೆ ಆಡಿತು. ರೈತ ಓಡಿಹೋಗಿ ಅದರ ಹೊಟ್ಟೆಗೆ ಕಿವಿಯಿಟ್ಟ. ಒಳಗೆ ಸಂತೆ ನೆರೆದಂಥ ಸದ್ದು. ಅವನ ಮೈ ಜುಮ್ಮೆಂದಿತು. ತಾನು ಕಟ್ಟಿದ್ದು ಒಂದು ಹಸುವೆಂದುಕೊಂಡಿದ್ದ. ಅದರೊಳಗೆ ಒಂದು ಲೋಕವೇ ಇತ್ತು. ಯಾರಿಗೆಂದು ತಿಳಿಯದೆ ಕೈಮುಗಿದ.

ಗುರುಗಳು ಕತೆ ನಿಲ್ಲಿಸಿದರು. ಹುಲ್ಲನ್ನು ಅರಗಿಸುವುದು ಹಸುವಲ್ಲ, ಅದರ ಹೊಟ್ಟೆಯಲ್ಲಿರುವ ಕಣ್ಣಿಗೆ ಕಾಣದ ಜೀವಿಗಳು; ಅನ್ನ ಬೆಲ್ಲಕ್ಕೆ ಅವು ಸತ್ತಿದ್ದವು, ಆ ಎಂಜಲಿನ ಉಂಡೆಯ ಜೊತೆ ಮತ್ತೆ ಬಂದವು ಎಂದರು. ಮನುಷ್ಯನ ಕರುಳಿನಲ್ಲೂ ಅಂಥ ಕೋಟಿ ಕೋಟಿ ಜೀವಿಗಳಿವೆ. ಹುಟ್ಟುವಾಗಲೇ ತಾಯಿಯಿಂದ ಬರತೊಡಗುತ್ತವೆ. ಸೊಪ್ಪು ಕಾಳುಗಳಲ್ಲಿ ನಮಗೆ ಅರಗದ ನಾರೇ ಅವುಗಳ ಊಟ. ಅದನ್ನುಂಡು ನಮಗೆ ಕಸುವು ಕೊಡುತ್ತವೆ, ರಕ್ತದಲ್ಲಿನ ಸಕ್ಕರೆ ಹದ ತಪ್ಪದಂತೆ ನೆರವಾಗುತ್ತವೆ.

ಸೋಮಲಿಂಗನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಇಷ್ಟು ದೊಡ್ಡ ಸಂಸಾರ ತನ್ನೊಳಗಿದ್ದೂ ತನಗೆ ಗೊತ್ತಿರಲಿಲ್ಲವಲ್ಲ ಎಂದು ಅವನಿಗೆ ಬೆರಗಾಯಿತು.

“ಈಗ ಅವು ನನ್ನೊಳಗೆ ಏನು ಮಾಡುತ್ತಿವೆ, ಗುರುಗಳೇ?”

“ಹಸಿದವರು ಇನ್ನೂ ಯಾರಾದರೂ ಇದ್ದೀರಾ ಎಂದು ನೀನು ದಿನವೂ ಕೂಗುತ್ತೀಯಲ್ಲ, ಅದನ್ನು ಕೇಳಿಸಿಕೊಳ್ಳುತ್ತಿವೆ.”